ಬಾಯಲ್ಲಿರೋ ಹೆಸರು ಬೋರ್ಡಿಗೂ ಬರಲಿ

ಹೋದ ತಿಂಗಳು ದಾವಣಗೆರೆಯಲ್ಲಿ ಒಂದು ಸಂಜೆ, ನಡ್ಕೊಂಡು ಓಡಾಡೋರಿಗೆ ದಾರಿ ತೋರಿಸೋ ಬೋರ್ಡ್‌ಗಳ ಬಗ್ಗೆ ಮಾತಾಡಿದ್ದನ್ನ ಬರೆದು ಕೊಡಿ ಅಂತ ಒಂದಷ್ಟು ಜನ ಕೇಳಿದ್ರು. ಅವತ್ತು ಗೋಡೆ ಮೇಲೆ ಫೋಟೋ ತೋರಿಸ್ತಾ ಮಾತಾಡಿದ್ದೆ, ಇಲ್ಲಿ ಫೋಟೋ ಇಲ್ಲ, ಹಂಗಾಗಿ ಅದರಲ್ಲಿದ್ದಿದ್ದನ್ನ ಮಾತಲ್ಲೇ ಹೇಳೋಕೆ ನೋಡಿದೀನಿ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನೂ ಸೇರಿಸಿದೀನಿ.

ಎಲ್ರಿಗೂ ನಮಸ್ಕಾರ. ನಮ್ಮವ್ವನಿಂದ ಶುರು ಮಾಡ್ತೀನಿ. ಅವ್ವ ಏಳನೇ ಕ್ಲಾಸ್ ಓದಿದಾರೆ, ದಿನಾ ಬೆಳಿಗ್ಗೆ ಪೇಪರ್ ಪೂರ್ತಿ ಓದ್ತಾರೆ, ಶ್ರದ್ಧಾಂಜಲಿ ಕಾಲಮ್ಮೂ ಬಿಡಲ್ಲ. ಎರಡು ವರ್ಷದ ಹಿಂದೆ ಮೊಣಕಾಲು ನೋವು ಅಂತ ಒಂದು ಆಸ್ಪತ್ರೆಗೆ ಕರ್ಕೊಂಡು ಹೋಗಿದ್ದೆ. ನಾನು ಚೀಟಿ ಮಾಡಿಸೋಕೆ ನಿಂತೆ, ಅವ್ವನಿಗೆ ನೀನು ಎಕ್ಸ್‌ರೇ ತೆಗೆಯೋ ಕಡೆ ಹೋಗಿ ಕೂತಿರು ಅಂದೆ. ಇಪ್ಪತ್ತು ನಿಮಿಷ ಬಿಟ್ಟು ಹೋಗಿ ನೋಡಿದ್ರೆ ಅವ್ವ ಅಲ್ಲಿಲ್ಲ. ಆಸ್ಪತ್ರೆ ತುಂಬಾ ಹುಡುಕಿದೆ. ಆಮೇಲೆ ಹಿಂದಿನ ಗೇಟ್ ಹತ್ರ ಕಟ್ಟೆ ಮೇಲೆ ಕೂತಿದ್ರು, ಕಣ್ಣಲ್ಲಿ ನೀರು. 'ಎಕ್ಸ್‌ರೇ ಅಂತ ಎಲ್ಲೂ ಬರ್ದೇ ಇಲ್ಲ ಕಣಪ್ಪ, ಮೂರು ಸಲ ಸುತ್ತಿದೆ' ಅಂದ್ರು. ಅವ್ವ ಮೂರು ಸಲ ದಾಟಿ ಹೋದ ಬಾಗಿಲ ಮೇಲೆ ದಪ್ಪಕ್ಷರದಲ್ಲಿ ಬೋರ್ಡ್ ಇತ್ತು: 'ಕ್ಷ-ಕಿರಣ ವಿಭಾಗ'. ಅದರ ಕೆಳಗೆ ಇಂಗ್ಲಿಷಲ್ಲಿ ರೇಡಿಯಾಲಜಿ. ಕನ್ನಡ ಇತ್ತು, ಇಂಗ್ಲಿಷ್ ಇತ್ತು, ಅಕ್ಷರ ದೊಡ್ಡದಿತ್ತು, ಲೈಟೂ ಇತ್ತು. ನಮ್ಮವ್ವನ ಬಾಯಲ್ಲಿರೋ ಮಾತು ಮಾತ್ರ ಇರ್ಲಿಲ್ಲ.

ಈ ಒಂದು ವಿಷಯ ಹೇಳೋಕೇ ನಾನು ಇವತ್ತು ಬಂದಿರೋದು. ನಡ್ಕೊಂಡು ಓಡಾಡೋರಿಗೆ ಊರಲ್ಲಿ ಬೋರ್ಡ್ ಹಾಕಬೇಕು ಅಂದ ತಕ್ಷಣ ಎಲ್ರೂ ಕೇಳೋದು, ಎಷ್ಟು ಭಾಷೆ, ಯಾವ್ದು ಮೇಲೆ, ಯಾವ್ದು ಕೆಳಗೆ ಅಂತ. ನನ್ನ ಪ್ರಕಾರ ಅದಕ್ಕಿಂತ ಮುಂಚೆ ಕೇಳಬೇಕಾಗಿರೋದು, ಈ ಜಾಗಕ್ಕೆ ಜನ ಏನಂತಾರೆ?

ನಮ್ಮೂರಲ್ಲಿ ದಾರಿ ಕೇಳಿ ನೋಡಿ. ಪಿ.ಬಿ. ರೋಡಲ್ಲಿ ಬಸ್ಸಿಳಿದು ಯಾರನ್ನಾದ್ರೂ ಕೇಳಿದ್ರೆ, 'ಇಲ್ಲಿಂದ ಸೀದಾ ಹೋಗ್ರಿ, ಅರುಣಾ ಟಾಕೀಸ್ ಬರುತ್ತೆ' ಅಂತಾರೆ, 'ಹೊಂಡದ ಸರ್ಕಲ್ ಹತ್ರ ಕೇಳ್ರಿ' ಅಂತಾರೆ, 'ರಾಮ್ ಅಂಡ್ ಕೋ ಸರ್ಕಲ್ ದಾಟಿದ ಮೇಲೆ' ಅಂತಾರೆ. ಅಡ್ಡರಸ್ತೆ, ಮುಖ್ಯರಸ್ತೆ ನಂಬರ್ ಯಾರೂ ಹೇಳಲ್ಲ. ಟಾಕೀಸ್ ಮುಚ್ಚಿದ್ರೂ ಹೆಸರು ಉಳಿಯುತ್ತೆ, ಅಂಗಡಿ ಮಾಲೀಕರು ಬದಲಾದ್ರೂ ಸರ್ಕಲ್ ಹೆಸರು ಅದೇ ಇರುತ್ತೆ. ಪಿ.ಬಿ. ರೋಡ್ ಅಂದ್ರೆ ಪುಣೆ-ಬೆಂಗಳೂರು ರೋಡ್, ಹೈವೇ ಬೈಪಾಸಿಗೆ ಹೋಗಿ ಎಷ್ಟೋ ಕಾಲ ಆಯ್ತು, ಈಗಿನ ಹುಡುಗರಿಗೆ ಆ ಎರಡಕ್ಷರ ಏನು ಅಂತ್ಲೂ ಗೊತ್ತಿರಲ್ಲ, ಆದ್ರೂ ಬಾಯಲ್ಲಿ ಅದೇ ಓಡ್ತಿದೆ. ಇವೆಲ್ಲಾ ಊರಿನ ಆಸ್ತಿ ಅಂತ ನಾನು ನಂಬ್ತೀನಿ. ಬೋರ್ಡ್ ಬರೆಯೋವಾಗ ಇದನ್ನ ಬಿಟ್ಟು ಕಡತದಲ್ಲಿರೋ ಹೆಸರನ್ನಷ್ಟೇ ಹಾಕಿದ್ರೆ, ಬೋರ್ಡ್ ಓದಿಕೊಂಡು ಬಂದೋನು ದಾರೀಲಿ ಯಾರನ್ನಾದ್ರೂ ಕೇಳಿದಾಗ ಅವರಿಗೆ ಗೊತ್ತಾಗಲ್ಲ, ಜನ ಹೇಳಿದ ಹೆಸರು ಹಿಡ್ಕೊಂಡು ಹೋದೋನಿಗೆ ಬೋರ್ಡಲ್ಲಿ ಅದು ಸಿಗಲ್ಲ. ಅಧಿಕೃತ ಹೆಸರು ಬೇಡ ಅಂತಿಲ್ಲ, ಮಹನೀಯರ ಹೆಸರಿಟ್ಟಿದ್ರೆ ಅದಕ್ಕೆ ಗೌರವ ಇರ್ಲಿ, ಎರಡನ್ನೂ ಬರೀರಿ.

ಇದರಿಂದಾನೇ ಬೇರೆ ಭಾಷೆ ವಿಷಯಕ್ಕೆ ಬರ್ತೀನಿ. ಇಂಗ್ಲಿಷ್ ಸಾಲಲ್ಲಿ 'ಗಡಿಯಾರ ಕಂಬ' ಅನ್ನೋದನ್ನ ಕ್ಲಾಕ್ ಟವರ್ ಅಂತ ಅನುವಾದ ಮಾಡ್ತೀವಿ ಅಂದ್ಕೊಳ್ಳಿ. ಹೊರಗಿಂದ ಬಂದ ಒಬ್ಬ ಹುಡುಗ ಅದನ್ನ ಓದ್ಕೊಂಡು ಹಳೇ ಊರಲ್ಲಿ ತರಕಾರಿ ಮಾರೋ ಅಮ್ಮನ್ನ ಕ್ಲಾಕ್ ಟವರ್ ಎಲ್ಲಿ ಅಂತ ಕೇಳಿದ್ರೆ ಅವರೇನು ಹೇಳಬೇಕು? ಹೊಂಡದ ಸರ್ಕಲ್‌ನ ಪಾಂಡ್ ಸರ್ಕಲ್ ಅಂತ ಮಾಡಿದ್ರೂ ಅದೇ ಕಥೆ. ಜಾಗದ ಹೆಸರನ್ನ ಸದ್ದಿನ ಹಂಗೇ ಇಂಗ್ಲಿಷ್ ಅಕ್ಷರದಲ್ಲಿ ಬರೀಬೇಕು, ಆಗ ಅವನು ತಪ್ಪುತಪ್ಪಾಗಿ ಉಚ್ಚಾರ ಮಾಡಿದ್ರೂ ಕೇಳಿಸ್ಕೊಂಡೋರಿಗೆ ಅರ್ಥ ಆಗುತ್ತೆ. ಆಸ್ಪತ್ರೆ, ಶೌಚಾಲಯ, ಕುಡಿಯೋ ನೀರು, ಪೊಲೀಸ್ ಸ್ಟೇಷನ್, ಇಂಥವನ್ನ ಮಾತ್ರ ಅರ್ಥ ನೋಡಿ ಅನುವಾದ ಮಾಡಬೇಕು. ಈ ಎರಡನ್ನೂ ಕಲಸಿಬಿಟ್ಟಿರೋ ಬೋರ್ಡ್‌ಗಳನ್ನ ನಾನು ಎಷ್ಟು ಊರಲ್ಲಿ ನೋಡಿದೀನೋ ಲೆಕ್ಕ ಇಲ್ಲ. ಇನ್ನೊಂದು, ನಮ್ಮೂರ ಹೆಸರೇ ಇಂಗ್ಲಿಷಲ್ಲಿ ಒಂದು ಕಡೆ 'ದಾವಣ್‌ಗೆರೆ' ಅಂತ ಓದೋ ಹಂಗೆ, ಇನ್ನೊಂದು ಕಡೆ 'ದಾವಣಗೆರೆ' ಅಂತ ಓದೋ ಹಂಗೆ ಎರಡು ಸ್ಪೆಲ್ಲಿಂಗಲ್ಲಿ ಸಿಗುತ್ತೆ. ಒಂದು ಹೆಸರಿಗೆ ಒಂದೇ ಸ್ಪೆಲ್ಲಿಂಗ್ ಅಂತ ಮೊದಲೇ ಒಂದು ಪಟ್ಟಿ ಮಾಡಿ ಇಟ್ಕೊಂಡು, ಬೋರ್ಡ್ ಬರೆಯೋ ಎಲ್ರಿಗೂ ಅದನ್ನೇ ಕೊಡಬೇಕು.

ಅನುವಾದ ಮಾಡ್ಸಿದ ಮೇಲೆ ಆ ಭಾಷೆ ಬರೋರಿಗೆ ಒಂದ್ಸಲ ತೋರಿಸಿ. ಬ್ರಿಟನ್ನಿನ ವೇಲ್ಸಲ್ಲಿ ರಸ್ತೆ ಬೋರ್ಡ್‌ಗಳು ಇಂಗ್ಲಿಷ್ ಮತ್ತೆ ವೆಲ್ಷ್, ಎರಡು ಭಾಷೇಲಿ ಇರ್ತವೆ. 2008ರಲ್ಲಿ ಸ್ವಾನ್ಸೀ ಅನ್ನೋ ಊರಲ್ಲಿ ದೊಡ್ಡ ಲಾರಿಗಳಿಗೆ ಪ್ರವೇಶ ಇಲ್ಲ ಅನ್ನೋ ಬೋರ್ಡಿಗೆ ವೆಲ್ಷ್ ಮಾತು ಬೇಕಿತ್ತು, ಅನುವಾದಕರಿಗೆ ಮೇಲ್ ಕಳಿಸಿದ್ರು, ತಕ್ಷಣ ವೆಲ್ಷಲ್ಲಿ ಉತ್ತರ ಬಂತು, ಅದನ್ನೇ ಬೋರ್ಡ್ ಮೇಲೆ ಹಾಕಿ ರಸ್ತೇಲಿ ನಿಲ್ಲಿಸಿದ್ರು. ಆ ವೆಲ್ಷ್ ಸಾಲಿನ ಅರ್ಥ, 'ನಾನೀಗ ಆಫೀಸಲ್ಲಿಲ್ಲ, ಅನುವಾದದ ಕೆಲಸ ಇದ್ರೆ ಕಳಿಸಿ' ಅಂತ. ಆ ಭಾಷೆ ಬರೋ ಒಬ್ಬರೂ ಆ ಬೋರ್ಡನ್ನ ಮುಂಚೆ ನೋಡಿರ್ಲಿಲ್ಲ. ನಮ್ಮಲ್ಲೂ ಉರ್ದು ಸಾಲು, ಹಿಂದಿ ಸಾಲು ಹಾಕೋವಾಗ ಆ ಬೀದಿಯಲ್ಲಿ ಅದನ್ನ ಓದೋ ಮನುಷ್ಯನ ಕೈಗೆ ಒಂದು ಪ್ರಿಂಟ್ ಕೊಟ್ಟು ಓದಿಸಿದ್ರೆ ಐದು ನಿಮಿಷದ ಕೆಲಸ.

ಕನ್ನಡ ಮೇಲಿರಬೇಕು, ದೊಡ್ಡದಾಗಿರಬೇಕು. ಅದರಲ್ಲಿ ನನಗೆ ಎರಡು ಮಾತಿಲ್ಲ. ಅಂಗಡಿ-ಮುಂಗಟ್ಟುಗಳ ಬೋರ್ಡಲ್ಲಿ 60% ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನಿಗೆ ತಿದ್ದುಪಡಿ ಆದಾಗ ನನಗೆ ತುಂಬಾ ಖುಷಿ ಆಗಿತ್ತು. ಎಷ್ಟು ಜಾಗ ಅನ್ನೋದು ಅಲ್ಲಿಗೆ ತೀರ್ಮಾನ ಆಯ್ತು. ಆ ಜಾಗದಲ್ಲಿ ಯಾವ ಕನ್ನಡ ಬರೀತೀವಿ ಅನ್ನೋದು ನಮ್ಮ ಕೈಯಲ್ಲಿದೆ. ಎರಡನೇ ಭಾಷೆ ಇಂಗ್ಲಿಷ್. ಮೂರನೇದು ಎಲ್ಲಾ ಕಡೆ ಒಂದೇ ಇರಬೇಕಿಲ್ಲ ಅನ್ನೋದು ನನ್ನ ಅಭಿಪ್ರಾಯ. ಉರ್ದು ಓದೋ ಮನೆಗಳು ಹೆಚ್ಚಿರೋ ಬೀದಿಗಳಲ್ಲಿ ಉರ್ದು, ರೈಲ್ವೆ ಸ್ಟೇಷನ್ ಮತ್ತೆ ಮೆಡಿಕಲ್ ಕಾಲೇಜ್ ಸುತ್ತಮುತ್ತ ಹಿಂದಿ, ಯಾಕಂದ್ರೆ ಅಲ್ಲಿಗೆ ದೂರದ ರಾಜ್ಯದಿಂದ ಮಕ್ಕಳನ್ನ ಬಿಡೋಕೆ ಬರೋ ತಂದೆತಾಯಿ ಇರ್ತಾರೆ, ಕೆಲಸಕ್ಕೆ ಬರೋ ಹುಡುಗರಿರ್ತಾರೆ. ಒಂದೇ ಹಲಗೆ ಮೇಲೆ ನಾಲ್ಕು ಲಿಪಿ ತುರುಕಿದ್ರೆ ನಾಲ್ಕೂ ಸಣ್ಣದಾಗಿ ನಾಲ್ಕು ಜನಕ್ಕೂ ಕಾಣ್ಸಲ್ಲ.

ಉರ್ದು ಬಗ್ಗೆ ಒಂದು ಕೆಲಸದ ವಿಷಯ ಹೇಳಿಬಿಡ್ತೀನಿ. ಅದನ್ನ ಬಲದಿಂದ ಎಡಕ್ಕೆ ಓದೋದು. ಕನ್ನಡದ ಸಾಲಿನ ಕೊನೆಗೆ ಒಂದು ಬಾಣ ಹಾಕಿರ್ತೀವಿ, ಅದೇ ಥರ ಉರ್ದು ಸಾಲಿನ ಕೊನೆಗೂ ಹಾಕಿದ್ರೆ ಬಾಣ ಎಡಗಡೆ ಬಂದು ಕೂರುತ್ತೆ, ತೋರಿಸೋದು ಮಾತ್ರ ಬಲಕ್ಕೆ, ಅಕ್ಷರದ ಹೊಟ್ಟೆಗೇ ಚುಚ್ಚಿದ ಹಂಗೆ ಕಾಣುತ್ತೆ. ಬಾಣಕ್ಕೆ ಅದರದ್ದೇ ಒಂದು ಪಟ್ಟಿ ಬಿಡಬೇಕು, ಯಾವ ಭಾಷೆ ಸಾಲಿಗೂ ಅದನ್ನ ಅಂಟಿಸಬಾರದು. ಆಮೇಲೆ ಉರ್ದು ಬರೆಯೋ ನಸ್ತಾಲೀಕ್ ಶೈಲೀಲಿ ಅಕ್ಷರಗಳು ಮೇಲಿಂದ ಕೆಳಕ್ಕೆ ಓರೆಯಾಗಿ ಇಳೀತವೆ, ಅದಕ್ಕೆ ಎತ್ತರದ ಜಾಗ ಜಾಸ್ತಿ ಬೇಕು.

ಎತ್ತರದ ವಿಷಯಕ್ಕೆ ನಮ್ಮಪ್ಪ ನೆನಪಾಗ್ತಾರೆ. ಅಪ್ಪ ಬೋರ್ಡ್ ಬರೆಯೋರು, ಪೇಂಟರ್. ತಗಡಿಗೆ ಎರಡು ಕೋಟ್ ಬಣ್ಣ ಹೊಡೆದು, ಒಣಗಿದ ಮೇಲೆ ನೂಲಿಗೆ ಚಾಕ್‌ಪೀಸ್ ಪುಡಿ ಸವರಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಇನ್ನೊಂದು ತುದಿ ಅವರು ಹಿಡ್ಕೊಂಡು, ನಡುವೆ ಟಪ್ ಅಂತ ಮೀಟಿದ್ರೆ ತಗಡಿನ ಮೇಲೆ ಬಿಳಿ ಗೆರೆ ಬೀಳೋದು. ಒಂದು ಸಾಲಿಗೆ ಎರಡು ಗೆರೆ ಹಾಕಬೇಕಲ್ವಾ, ಅಪ್ಪ ಮೂರು ಹಾಕೋರು. ಮೂರನೇದು ಒತ್ತಿಗೆ. 'ಕನ್ನಡದ ಅಕ್ಷರ ಒಂದೇ ಅಂತಸ್ತಿನ ಮನೆ ಅಲ್ಲ ಮಗಾ, ಕೆಳಗೂ ಬಾಡಿಗೆದಾರರು ಇರ್ತಾರೆ' ಅನ್ನೋರು. ರಸ್ತೆ, ಆಸ್ಪತ್ರೆ, ಕೃಷಿ ಉತ್ಪನ್ನ, ಪತ್ರ ಅಂತ ಬರೀರಿ, ಎಲ್ಲದ್ರಲ್ಲೂ ಸಾಲಿನ ಕೆಳಗೆ ಒಂದು ಒತ್ತೋ ಸುಳಿಯೋ ಇಳಿದಿರುತ್ತೆ. 'ರಾಷ್ಟ್ರೀಯ' ಅಂದ್ರೆ ಒಂದರ ಕೆಳಗೆ ಎರಡು. ಇಂಗ್ಲಿಷ್‌ಗೆ ಅಂತ ಮಾಡಿದ ಬೋರ್ಡಿನ ಅಳತೆ ತಗೊಂಡು ಅಲ್ಲಿಗೆ ಕನ್ನಡ ಕೂರಿಸಿದ್ರೆ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ಹೋಗಿ ಬಡಿಯುತ್ತೆ, ಅದು ಬಡೀಬಾರದು ಅಂತ ಡಿಸೈನ್ ಮಾಡೋರು ಕನ್ನಡದ ಸೈಜನ್ನೇ ಇಳಿಸ್ತಾರೆ. ಬೋರ್ಡಲ್ಲಿ ಕನ್ನಡ ಸಣ್ಣದಾಗಿ ಕಾಣೋಕೆ ಎಷ್ಟೋ ಕಡೆ ಕಾರಣ ಇಷ್ಟೇ. ಮೂರನೇ ಗೆರೆ ಹಾಕಿರಲ್ಲ.

ದೂರದಿಂದ ಓದೋಕೆ ಅಕ್ಷರ ಎಷ್ಟು ದೊಡ್ಡದಿರಬೇಕು ಅನ್ನೋದಕ್ಕೆ ಬೋರ್ಡ್ ಮಾಡೋರಲ್ಲಿ ಒಂದು ಅಂದಾಜು ಲೆಕ್ಕ ಇದೆ, ಹತ್ತು ಅಡಿ ದೂರಕ್ಕೆ ಒಂದು ಇಂಚು ಎತ್ತರ. ಅದು ಇಂಗ್ಲಿಷ್ ದೊಡ್ಡಕ್ಷರದ ಲೆಕ್ಕ. ಕನ್ನಡಕ್ಕೆ ಒತ್ತು, ಗುಡಿಸು ಬಿಟ್ಟು ಬರೀ 'ಕ' ಅಥವಾ 'ರ' ಎಷ್ಟು ಎತ್ತರ ಇದೆ ಅಂತ ಅಳೀಬೇಕು, ಅಳೆದು ಸ್ವಲ್ಪ ಜಾಸ್ತೀನೇ ಇಡಬೇಕು, ಯಾಕಂದ್ರೆ ನಮ್ಮಲ್ಲಿ ಬ-ಭ, ದ-ಧ, ಪ-ಫ ಇವುಗಳ ನಡುವೆ ವ್ಯತ್ಯಾಸ ಇರೋದು ಒಂದು ಸಣ್ಣ ಸೀಳಲ್ಲಿ, ಪ-ಷ ನಡುವೆ ಹೊಟ್ಟೆಯೊಳಗಿನ ಒಂದು ಗೀಟಲ್ಲಿ. ಫ್ಲೆಕ್ಸಲ್ಲಿ ಅಕ್ಷರ ದಪ್ಪ ಮಾಡಿ ಸುತ್ತ ಒಂದು ಬಿಳಿ ಬಾರ್ಡರ್ ಕೊಟ್ಟು ಅದಕ್ಕೊಂದು ನೆರಳು ಕೊಟ್ರೆ ಆ ಸೀಳು ಮುಚ್ಚೇ ಹೋಗುತ್ತೆ.

ಇನ್ನು ಕಂಪ್ಯೂಟರ್ ಕಷ್ಟ. ಯೂನಿಕೋಡಲ್ಲಿ, ಅಂದ್ರೆ ಈಗ ಫೋನಲ್ಲೂ ಕಂಪ್ಯೂಟರಲ್ಲೂ ಬಳಸೋ ಅಕ್ಷರ ಪದ್ಧತೀಲಿ, ಸರಿಯಾಗಿ ಟೈಪ್ ಮಾಡಿ ಕಳಿಸಿರ್ತೀವಿ, ಪ್ರಿಂಟ್ ಅಂಗಡಿಯ ಹಳೇ ಸಾಫ್ಟ್‌ವೇರಲ್ಲಿ ಓಪನ್ ಮಾಡಿದ್ರೆ ಒತ್ತು ಒಡೆದು 'ರಸ್ತೆ' ಹೋಗಿ 'ರಸ್‌ತೆ' ಆಗುತ್ತೆ. ಹಂಗೇ ಪ್ರಿಂಟಾಗಿ ಕಂಬ ಹತ್ತಿರೋದನ್ನ ನೀವೂ ನೋಡಿರ್ತೀರಿ. ಫೋಟೋಶಾಪ್, ಇಲ್ಲಸ್ಟ್ರೇಟರಲ್ಲಾದ್ರೆ ಭಾರತದ ಲಿಪಿಗಳಿಗೆ ಅಂತಾನೇ ಒಂದು ಸೆಟ್ಟಿಂಗ್ ಇರುತ್ತೆ, ಅದನ್ನ ಆನ್ ಮಾಡ್ಕೋಬೇಕು. ಅದೂ ಗೊತ್ತಾಗದಿದ್ರೆ ಅಕ್ಷರಗಳನ್ನ ಚಿತ್ರದ ಥರ ಗೆರೆಗಳಾಗಿ ಬದಲಾಯಿಸಿ ಪಿಡಿಎಫ್ ಮಾಡಿ ಕಳಿಸಿ, ಒಡೆಯಲ್ಲ. ಬೋರ್ಡಿಗೆ ಹೊಂದೋ ಫಾಂಟ್‌ಗಳೂ ಈಗ ಉಚಿತವಾಗಿ ಸಿಗ್ತವೆ, ಅನೇಕ್ ಕನ್ನಡ ಇದೆ, ನೋಟೋ ಸಾನ್ಸ್ ಕನ್ನಡ ಇದೆ, ಎರಡರಲ್ಲೂ ಬೇರೆ ಬೇರೆ ದಪ್ಪಗಳಿವೆ.

ಓದೋಕೆ ಬರದೇ ಇರೋರ ವಿಷಯಕ್ಕೆ ಬರೋಣ. ನಮ್ಮ ಸುತ್ತಮುತ್ತ ಲಂಬಾಣಿ ತಾಂಡಾಗಳು ತುಂಬಾ ಇವೆ, ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ಇರೋದೇ ನಮ್ಮ ಜಿಲ್ಲೇಲಿ. ಲಂಬಾಣಿಗೆ ಅದರದ್ದೇ ಆದ ಲಿಪಿ ಬಳಕೇಲಿಲ್ಲ, ಹಂಗಾಗಿ ಆ ಭಾಷೇಲಿ ಒಂದು ಸಾಲು ಸೇರಿಸ್ತೀವಿ ಅಂದ್ರೂ ಸಂತೆಗೆ ಬರೋ ಅಜ್ಜಿಗೆ ಅದರಿಂದ ಉಪಯೋಗ ಆಗಲ್ಲ. ಚಿತ್ರ ಆಗುತ್ತೆ. ನಮ್ಮ ದೇಶಕ್ಕೆ ಇದು ಹೊಸದೇನಲ್ಲ. 1951ರ ಜನಗಣತೀಲಿ ಓದು ಬರಹ ಬಲ್ಲೋರು 18% ಚಿಲ್ಲರೆ ಅಷ್ಟೇ ಇದ್ರು, ಆದ್ರೂ 1951-52ರ ಮೊದಲ ಚುನಾವಣೇಲಿ ಜೋಡೆತ್ತು, ಗುಡಿಸಲು ಅಂತ ಚಿತ್ರ ನೋಡಿ ಕೋಟ್ಯಂತರ ಜನ ಓಟ್ ಹಾಕಿದ್ರು. ಮೆಕ್ಸಿಕೋ ಸಿಟೀಲಿ 1969ರಲ್ಲಿ ಮೆಟ್ರೋ ಶುರುವಾದಾಗ ಅಲ್ಲೂ ಓದೋಕೆ ಬರದಿರೋರು ತುಂಬಾ ಇದ್ರು, ಹಂಗಾಗಿ ಲಾನ್ಸ್ ವೈಮನ್ ಅನ್ನೋ ಡಿಸೈನರ್ ಜೊತೆ ಸೇರಿ ಒಂದೊಂದು ಸ್ಟೇಷನ್ನಿಗೂ ಒಂದೊಂದು ಚಿತ್ರ ಮಾಡಿದ್ರು. ಚಾಪುಲ್ಟೆಪೆಕ್ ಅನ್ನೋ ಸ್ಟೇಷನ್ನಿಗೆ ಮಿಡತೆ ಚಿತ್ರ, ಯಾಕಂದ್ರೆ ಆ ಹೆಸರಿನ ಅರ್ಥಾನೇ ಮಿಡತೆ ಗುಡ್ಡ. ಜನ ಮಿಡತೆ ಸ್ಟೇಷನ್ನಲ್ಲಿ ಇಳ್ಕೋ ಅಂತ ಹೇಳಬಹುದು. ನಮ್ಮೂರಿಗೂ ಇದು ಎಷ್ಟು ಚೆನ್ನಾಗಿ ಒಪ್ಪುತ್ತೆ ನೋಡಿ. ಮಂಡಿಪೇಟೆಗೆ ತಕ್ಕಡಿ, ಹೊಂಡದ ಸರ್ಕಲ್ಲಿಗೆ ಮೆಟ್ಟಿಲಿಳಿದ ಹೊಂಡ, ಗಡಿಯಾರ ಕಂಬಕ್ಕೆ ಗಡಿಯಾರ, ಗಾಜಿನ ಮನೆಗೆ ಅದರ ಕಮಾನು. ಹೋಟೆಲ್ ಅಂತ ಸೂಚಿಸೋಕೆ ಚಮಚ-ಫೋರ್ಕ್ ಹಾಕೋದನ್ನ ಮಾತ್ರ ಬಿಡೋಣ, ಬೆಣ್ಣೆದೋಸೆ ಊರಲ್ಲಿ ತಟ್ಟೆ-ಲೋಟ ಸಾಕು. ಮಾಹಿತಿ ಕೇಂದ್ರ ಅನ್ನೋಕೆ ಇಂಗ್ಲಿಷ್‌ನ 'ಐ' ಅಕ್ಷರ ಹಾಕಿರ್ತಾರೆ, ಇಂಗ್ಲಿಷ್ ಓದೋಕೆ ಬರದಿರೋರಿಗೆ ಅದು ಒಂದು ಕಡ್ಡಿ, ಮೇಲೊಂದು ಚುಕ್ಕೆ.

ದೂರವನ್ನ ನಿಮಿಷದಲ್ಲಿ ಬರೀಬೇಕು. ಅಮೆರಿಕದ ರಾಲಿ ಅನ್ನೋ ಊರಲ್ಲಿ 2012ರ ಜನವರೀಲಿ ಮ್ಯಾಟ್ ಟೊಮಾಸುಲೋ ಅನ್ನೋ ವಿದ್ಯಾರ್ಥಿ, ಸ್ನೇಹಿತರ ಜೊತೆ ಸೇರಿ ರಾತ್ರಿ ಹೊತ್ತು 27 ಪ್ಲಾಸ್ಟಿಕ್ ಬೋರ್ಡ್‌ಗಳನ್ನ ಕಂಬಗಳಿಗೆ ಕಟ್ಟಿದ. ಇಂಥಾ ಜಾಗಕ್ಕೆ ನಡೆದ್ರೆ ಇಷ್ಟು ನಿಮಿಷ, ಜೊತೆಗೊಂದು ಬಾಣ, ಅಷ್ಟೇ. ಅನುಮತಿ ಇರ್ಲಿಲ್ಲ, ತೆಗೆಸಿದ್ರು. ಆದ್ರೆ ಜನಕ್ಕೆ ಅದು ಎಷ್ಟು ಹಿಡಿಸಿತ್ತು ಅಂದ್ರೆ ಮುಂದೆ ಅಲ್ಲಿಯ ನಗರಸಭೆಯೇ ಒಪ್ಪಿ ಮತ್ತೆ ಹಾಕಿಸ್ತು. ನಾವು ರಾತ್ರಿ ಕಟ್ಟೋದು ಬೇಡ, ಪಾಲಿಕೆಗೆ ಅರ್ಜಿ ಕೊಟ್ಟೇ ಮಾಡೋಣ. ಸಾಮಾನ್ಯವಾಗಿ ನಿಮಿಷಕ್ಕೆ 80 ಮೀಟರ್ ಅಂತ ಲೆಕ್ಕ ಹಿಡೀತಾರೆ, 400 ಮೀಟರಿಗೆ 5 ನಿಮಿಷ. ಅದು ಗಟ್ಟಿ ಕಾಲಿನೋರ ಲೆಕ್ಕ. ನಾನು 8 ನಿಮಿಷಕ್ಕೆ ಹೋಗೋ ದಾರಿ ಅವ್ವನ ಜೊತೆ 15 ನಿಮಿಷ ಆಗುತ್ತೆ, ನಡುವೆ ಒಂದ್ಸಲ ಕೂರಬೇಕು. ಹಂಗಾಗಿ ಆಸ್ಪತ್ರೆ ಕಡೆ ತೋರಿಸೋ ಬೋರ್ಡಲ್ಲಾದ್ರೂ ವಯಸ್ಸಾದೋರ ನಿಮಿಷ ಬರೀಬೇಕು ಅಂತ ನನ್ನ ಆಸೆ.

ಲಂಡನ್ನಲ್ಲೂ ಇದೇ ಥರದ ಕೆಲಸ ಮಾಡಿದ್ರು. ಮುಂಚೆ ನಗರದ ನಡುಭಾಗದಲ್ಲೇ ನಡೆಯೋರಿಗೆ ಅಂತ 32 ಥರದ ಬೇರೆ ಬೇರೆ ಬೋರ್ಡ್ ವ್ಯವಸ್ಥೆ ಇದ್ವಂತೆ, ಅದನ್ನೆಲ್ಲಾ ಒಂದು ಮಾಡೋಕೆ 2007ರಲ್ಲಿ ಬಾಂಡ್ ಸ್ಟ್ರೀಟ್ ಸುತ್ತ ಮೊದಲ ಮಾದರಿ ಹಾಕಿದ್ರು. ಅದರಲ್ಲಿ ನನಗೆ ತುಂಬಾ ಹಿಡಿಸಿದ್ದು ನಕ್ಷೆ. ಉತ್ತರ ಮೇಲಿರಲ್ಲ, ನೀವು ಯಾವ ಕಡೆ ಮುಖ ಮಾಡಿ ನಿಂತಿದೀರೋ ಅದು ಮೇಲಿರುತ್ತೆ, ಎದುರಿಗಿರೋದು ನಕ್ಷೇಲೂ ಎದುರಿಗೇ. ನಮ್ಮಲ್ಲಿ ಇದಕ್ಕೊಂದು ಸೇರಿಸಬೇಕು. ಹಳ್ಳಿ ಕಡೆಯೋರು ಮೂಡಲ, ಪಡುವಲ ಅಂತ ದಿಕ್ಕಲ್ಲೇ ಮಾತಾಡ್ತಾರೆ, ಮನೆಯೊಳಗೆ ಚೊಂಬು ಎಲ್ಲಿದೆ ಅಂದ್ರೂ ಮೂಡಲ ಗೋಡೆ ಹತ್ರ ಅಂತಾರೆ, ಅವರಿಗೋಸ್ಕರ ನಕ್ಷೆ ಮೂಲೇಲಿ ಹುಟ್ಟೋ ಸೂರ್ಯನ ಒಂದು ಗುರುತು ಇರ್ಲಿ.

ಬೋರ್ಡ್ ಎಲ್ಲಿ ನಿಲ್ಲಬೇಕು ಅಂದ್ರೆ ಕಾಲು ನಿಲ್ಲೋ ಜಾಗದಲ್ಲಿ. ನಮ್ಮೂರನ್ನ ರೈಲು ಹಳಿ ಎರಡು ಭಾಗ ಮಾಡಿದೆ, ಹಳಿ ದಾಟೋ ಜಾಗಗಳ ಹತ್ರ ಹೊಸಬರು ನಿಂತು ಅತ್ತಿತ್ತ ನೋಡೋದನ್ನ ಅರ್ಧ ಗಂಟೆ ನಿಂತು ಗಮನಿಸಿ, ಎಲ್ಲಿ ಬೋರ್ಡ್ ಬೇಕು ಅಂತ ಅವರ ಕಾಲೇ ತೋರಿಸುತ್ತೆ. ಮೆಟ್ಟಿಲಿದ್ಯಾ, ಗಾಲಿಕುರ್ಚಿ ಹೋಗುತ್ತಾ ಅನ್ನೋದನ್ನ ಅಲ್ಲಿಗೆ ಹೋಗೋದಕ್ಕೆ ಮುಂಚೇನೇ ಹೇಳಬೇಕು. ಕಂಬ ನೆಡೋವಾಗ ಫುಟ್‌ಪಾತ್‌ನ ಜಾಗ ನುಂಗಬಾರದು, ನಡೆಯೋಕೆ ಕನಿಷ್ಠ 1.8 ಮೀಟರ್ ಅಡ್ಡಿ ಇಲ್ಲದ ಅಗಲ ಬೇಕು ಅಂತ ರಸ್ತೆಗಳ ಅಳತೆ-ಮಾನದಂಡ ಹೇಳೋ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆಯ ಮಾರ್ಗಸೂಚೀಲಿದೆ. ಹಳದಿ ಉಬ್ಬು ಟೈಲ್ಸ್ ಮೇಲಂತೂ ಕಂಬ ನೆಡಲೇಬಾರದು. ಅದು ಕಣ್ಣು ಕಾಣದೋರ ದಾರಿ, 1967ರಲ್ಲಿ ಜಪಾನಿನ ಒಕಯಾಮಾದಲ್ಲಿ ಮೊದಲು ಹಾಕಿದ್ದು. ಒಂದು ಕಡೆ ಆ ಟೈಲ್ಸ್ ನೇರವಾಗಿ ಲೈಟ್ ಕಂಬಕ್ಕೆ ಹೋಗಿ ನಿಂತಿದ್ದನ್ನ ನೋಡಿ ನನಗೆ ಅವತ್ತು ಊಟ ಸೇರ್ಲಿಲ್ಲ.

ಪ್ರಶ್ನೆಗಳಿಗೆ ಬಂದ್ರೆ, ಕಾಲೇಜ್ ಹುಡುಗಿಯೊಬ್ಬಳು, 'ಸರ್, ಎಲ್ರ ಕೈಲೂ ಗೂಗಲ್ ಮ್ಯಾಪ್ ಇದೆಯಲ್ಲ' ಅಂದ್ಲು. ಇದೆಯಮ್ಮ, ಆದ್ರೆ ಒಂದು ಕೈಲಿ ಮಗು ಇನ್ನೊಂದು ಕೈಲಿ ಚೀಲ ಇರೋರು ಫೋನ್ ಯಾವ ಕೈಲಿ ಹಿಡೀತಾರೆ, ಚಾರ್ಜ್ ಮುಗಿದೋರು ಏನು ಮಾಡ್ತಾರೆ. ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕಾ ದೇವಿ ಜಾತ್ರೆಗೆ ಹಳ್ಳಿಹಳ್ಳಿಯಿಂದ ಬರೋ ಜನರಲ್ಲಿ ಎಷ್ಟು ಜನ ಮ್ಯಾಪ್ ನೋಡ್ತಾ ಬರ್ತಾರೆ ಅಂತ ಕೇಳಿದೆ. ಇನ್ನೊಬ್ಬರು, 'ಹಾಕಿದ ವಾರಕ್ಕೆ ಬೋರ್ಡ್ ಮುಂದೆ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ತಾರಲ್ರೀ' ಅಂದ್ರು. ಅದಕ್ಕೆ ನನ್ನ ಹತ್ರ ಇರೋ ಉಪಾಯ ಒಂದೇ, ಪ್ರತಿ ಬೋರ್ಡಿಗೂ ಎದುರಿನ ಅಂಗಡಿಯೋರೊಬ್ಬರನ್ನ ಕೇಳಿಕೊಳ್ಳೋದು, ಅಣ್ಣಾ ಇದನ್ನ ಸ್ವಲ್ಪ ನೋಡ್ಕೊಳ್ಳಿ ಅಂತ. ದಿನಕ್ಕೆ ಐವತ್ತು ಸಲ ದಾರಿ ಹೇಳಿ ಸುಸ್ತಾಗಿರೋರು ಅವರೇ, ಖಂಡಿತ ನೋಡ್ಕೋತಾರೆ.

ಕೊನೆಗೆ ಹಿಂದಿನ ಸಾಲಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತು, ಆಸ್ಪತ್ರೆ ಬೋರ್ಡಲ್ಲಿ 'ಜಿಲ್ಲಾ ಆಸ್ಪತ್ರೆ' ಅಂತ ಹಾಕಬೇಕೋ 'ದೊಡ್ಡಾಸ್ಪತ್ರೆ' ಅಂತಾನೋ ಅಂದ್ರು. ಹಾಲಲ್ಲಿ ಅರ್ಧ ಜನ ಅದು, ಅರ್ಧ ಜನ ಇದು. ಹಂಗಾಗಿ ಬರೋ ಎರಡು ಭಾನುವಾರ ಬೆಳಿಗ್ಗೆ ಎಂಟಕ್ಕೆ ಬಸ್ ಸ್ಟ್ಯಾಂಡ್ ಗೇಟ್ ಹತ್ರ ಒಂದು ನೋಟ್‌ಬುಕ್ ಹಿಡ್ಕೊಂಡು ನಿಲ್ತೀವಿ, ಹಳ್ಳಿ ಬಸ್ಸಿಳಿದು ಬರೋರನ್ನ ಎಲ್ಲಿಗೆ ಹೋಗ್ತಿದೀರಿ ಅಂತ ಕೇಳಿ ಅವರ ಬಾಯಿಂದ ಬಂದ ಹೆಸರನ್ನ ಹಂಗೇ ಬರ್ಕೋತೀವಿ. ಉರ್ದು, ಲಂಬಾಣಿ, ತೆಲುಗು ಬರೋರು ಜೊತೆಗಿದ್ರೆ ಒಳ್ಳೇದು. ಪೆನ್ನು ನೀವೇ ತನ್ನಿ.